ಕಾದಂಬರಿಗೆ ರಾಜಕೀಯ ಬೇಡವೇ? ನದೀನ್ ಗಾರ್ಡಿಮರ್ ಓದಿ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಈಗಿನ ಕಾದಂಬರಿಕಾರರಿಗೆ ರಾಜಕೀಯದ ಹುಚ್ಚು ಹಿಡಿದಿದೆ, ರಾಜಕೀಯ ಬೇಕಾದವರಿಗೆ ಪತ್ರಿಕೆಯ ಮುಖಪುಟ ಇದೆ, ಕಾದಂಬರಿ ಎಂದರೆ ಗಂಡ ಹೆಂಡತಿ, ತಂದೆ ಮಕ್ಕಳು, ಪ್ರೀತಿ, ಸಾವು ಇಷ್ಟರಲ್ಲೇ ಇರಬೇಕು ಎಂಬುದು ಅವರ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಓದುವವರಿಗೆ ಮಾತ್ರ ಇಂಥ ಬೇಸರ ಬರುತ್ತದೆ. ಭಾಷಣವನ್ನೇ ಪಾತ್ರಗಳ ಬಾಯಿಗೆ ತುರುಕಿ ಬರೆದ ಕಾದಂಬರಿಗಳು ನನಗೂ ಸಾಕಾಗಿವೆ. ಆದರೆ ಮನೆಯ ಕಥೆ ಬೇರೆ, ರಾಜಕೀಯದ ಕಥೆ ಬೇರೆ ಎನ್ನುವ ಮಾತನ್ನು ಬಳ್ಳಾರಿಯಲ್ಲಿ ಕೂತು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಜಾಗ ಮಾಡಿಕೊಡಿ.

ನಾನು ಇಲ್ಲಿನ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಈಗ ಭಾನುವಾರ ಮಧ್ಯಾಹ್ನ ಗಾಂಧಿನಗರದ ನಮ್ಮ ಮನೆಗೆ ಕೆಲವು ಹುಡುಗಿಯರು ಬರುತ್ತಾರೆ. ಹಳೆಯ ವಿದ್ಯಾರ್ಥಿನಿಯರು ಒಂದಿಬ್ಬರು, ಅವರ ತಂಗಿಯರು, ಪಕ್ಕದ ಬೀದಿಯವರು. ಎಲ್ಲರೂ ಸೇರಿ ಒಂದು ಕಥೆ ಓದುತ್ತೇವೆ, ಮಾತಾಡುತ್ತೇವೆ. ಈ ವರ್ಷ ನಾವು ಓದುತ್ತಿರುವುದು ದಕ್ಷಿಣ ಆಫ್ರಿಕಾದ ನದೀನ್ ಗಾರ್ಡಿಮರ್ ಅವರನ್ನು.

ಗಾರ್ಡಿಮರ್ ಹೆಸರು ನಮ್ಮಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ, ಪರೀಕ್ಷೆಗೆ ಒಂದು ಸಾಲಿನಷ್ಟು: 1991ರ ನೊಬೆಲ್, ವರ್ಣಭೇದ ನೀತಿಯ ವಿರೋಧಿ. ಇದು ನಿಜವೇ. ಆದರೆ ಇಷ್ಟೇ ಹೇಳಿದರೆ ಆಕೆ ಯಾರೋ ಹೋರಾಟಗಾರ್ತಿ, ಬಿಡುವಿನಲ್ಲಿ ಕಥೆಯನ್ನೂ ಬರೆದಿದ್ದಾರೆ ಅನ್ನಿಸುತ್ತದೆ. ಆಕೆ ಹುಟ್ಟಿದ್ದು 1923ರಲ್ಲಿ, ಜೊಹಾನ್ಸ್‌ಬರ್ಗ್ ಪಕ್ಕದ ಸ್ಪ್ರಿಂಗ್ಸ್ ಎಂಬ ಗಣಿ ಊರಿನಲ್ಲಿ. ಅಪ್ಪ ಲಿಥುವೇನಿಯಾದಿಂದ ಬಂದ ಯಹೂದಿ, ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಮ್ಮ ಲಂಡನ್ನಿನವರು. ನಮ್ಮ ಸಂಡೂರಿನ ಹುಡುಗಿಯರಿಗೆ ನಾನು ಮೊದಲು ಹೇಳಿದ್ದು ಇದನ್ನೇ: ಈಕೆ ನಿಮ್ಮ ಹಾಗೇ ಗಣಿ ಊರಿನ ಮಗು. ಅಲ್ಲಿ ಚಿನ್ನ, ಇಲ್ಲಿ ಕಬ್ಬಿಣದ ಅದಿರು. ಅಷ್ಟು ಹೇಳಿದ್ದೇ ತಡ, ಹುಡುಗಿಯರು ಹತ್ತಿರ ಸರಿದು ಕೂತರು.

ಆಕೆ ಹದಿಹರೆಯದಲ್ಲಿದ್ದಾಗ ಪೊಲೀಸರು ಮನೆಗೆ ನುಗ್ಗಿ ಕೆಲಸದವಳ ಕೋಣೆ ಜಾಲಾಡಿದರು. ಅವಳ ಪತ್ರಗಳನ್ನೂ ದಿನಚರಿಯನ್ನೂ ಎತ್ತಿಕೊಂಡು ಹೋದರು. ಒಬ್ಬ ಹೆಂಗಸಿನ ಖಾಸಗಿ ಕಾಗದ ಸರ್ಕಾರದ ಕೈಗೆ ಹೋಗುವುದನ್ನು ಕಣ್ಣಾರೆ ಕಂಡ ಹುಡುಗಿ ಮುಂದೆ ಏನು ಬರೆಯುತ್ತಾಳೆ ಹೇಳಿ?

ಆ ದೇಶದಲ್ಲಿ 1949ರಲ್ಲಿ ಬಿಳಿಯರಿಗೂ ಬೇರೆ ಜನಾಂಗದವರಿಗೂ ಮದುವೆ ನಿಷೇಧಿಸಿದರು. ಮರುವರ್ಷ ಅವರ ನಡುವಿನ ದೇಹಸಂಬಂಧವನ್ನೂ ಅಪರಾಧ ಮಾಡಿದರು. 1985ರವರೆಗೆ ಈ ಕಾನೂನುಗಳು ಇದ್ದವು. ಯಾರು ಯಾರ ಪಕ್ಕದಲ್ಲಿ ಮಲಗಬೇಕು ಎನ್ನುವುದನ್ನು ಸಂಸತ್ತು ತೀರ್ಮಾನಿಸಿದ ದೇಶ ಅದು. ಅಲ್ಲಿ ಕೂತು ಬರೀ ಪ್ರೀತಿಯ ಕಥೆ ಬರೆಯುತ್ತೇನೆ ಅಂದರೆ ಆಗುತ್ತದಾ? ಪ್ರೇಮಿಗಳು ಕಿಟಕಿಯ ಪರದೆ ಎಳೆದರೆ ಸಾಕು, ಅಲ್ಲಿ ಸರ್ಕಾರ ಇದೆ.

ಈಗ ಒಂದು ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಸರು 'ಸಿಕ್ಸ್ ಫೀಟ್ ಆಫ್ ದಿ ಕಂಟ್ರಿ'. ಇದೇ ಹೆಸರಿನ ಸಂಕಲನ 1956ರಲ್ಲಿ ಬಂತು. ಜೊಹಾನ್ಸ್‌ಬರ್ಗ್ ಹತ್ತಿರ ಒಂದು ಹೊಲ, ಅಲ್ಲಿ ಒಬ್ಬ ಬಿಳಿಯ ಗಂಡ, ಅವನ ಹೆಂಡತಿ ಲೆರಿಸ್. ಕಥೆ ಹೇಳುವವನು ಗಂಡ. ಪೇಟೆಯ ಜಂಜಾಟ ಬಿಟ್ಟು ಬಂದರೆ ದಾಂಪತ್ಯ ಸರಿಹೋದೀತು ಎಂದು ಬಂದವರು, ಹೋಗಿಲ್ಲ. ಅವರ ಆಳು ಪೆಟ್ರಸ್. ಒಂದು ರಾತ್ರಿ ಪೆಟ್ರಸ್‌ನ ಗುಡಿಸಲಲ್ಲಿ ಅವನ ತಮ್ಮ ಸಾಯುತ್ತಾನೆ. ಕೆಲಸ ಹುಡುಕಿಕೊಂಡು ಪಕ್ಕದ ರೊಡೇಷಿಯಾ ದೇಶದಿಂದ ನಡೆದೇ ಬಂದಿದ್ದ ಹುಡುಗ. ದೇಶದೊಳಗೆ ಬರಲು ಬೇಕಾದ ಪರವಾನಗಿ ಇರಲಿಲ್ಲ, ಅದಕ್ಕೇ ಕಾಯಿಲೆ ಬಿದ್ದರೂ ಯಾರಿಗೂ ಹೇಳದೆ ಬಚ್ಚಿಟ್ಟಿದ್ದರು. ಅಧಿಕಾರಿಗಳು ಹೆಣ ಒಯ್ದು ಮರಣೋತ್ತರ ಪರೀಕ್ಷೆ ಮಾಡಿ ತಾವೇ ಹೂತುಬಿಡುತ್ತಾರೆ.

ಪೆಟ್ರಸ್‌ಗೆ ತಮ್ಮನ ಹೆಣ ಬೇಕು. ತೆಗೆಸಿಕೊಡಲು 20 ಪೌಂಡ್ ಆಗುತ್ತದೆ ಎಂದು ಕಚೇರಿಯವರು ಹೇಳುತ್ತಾರೆ. ಇಷ್ಟು ದುಡ್ಡು ಇವನಿಂದ ಆಗದು, ಇಲ್ಲಿಗೆ ಬಿಡುತ್ತಾನೆ ಎಂದುಕೊಳ್ಳುತ್ತಾನೆ ಯಜಮಾನ. ಆದರೆ ಹೊಲದ ಆಳುಗಳೆಲ್ಲ ಒಂದೊಂದು ಕಾಸು ಕೂಡಿಸಿ ತಂದು ಕೊಡುತ್ತಾರೆ. ಮುದುಕ ಅಪ್ಪ ರೊಡೇಷಿಯಾದಿಂದ ಬರುತ್ತಾನೆ. ಪೆಟ್ಟಿಗೆ ಬರುತ್ತದೆ, ಹೆಗಲ ಮೇಲೆ ಹೊತ್ತು ಹೊರಡುತ್ತಾರೆ. ನಡುದಾರಿಯಲ್ಲಿ ಮುದುಕ ನಿಂತುಬಿಡುತ್ತಾನೆ. ಏನೋ ಗೊಣಗುತ್ತಾನೆ. ತನ್ನ ಮಗ ಇಷ್ಟು ಭಾರ ಇರಲಿಲ್ಲ ಎನ್ನುತ್ತಾನೆ. ಪೆಟ್ಟಿಗೆ ತೆಗೆದು ನೋಡಿದರೆ ಒಳಗೆ ಬೇರೆ ಯಾರದೋ ಹೆಣ.

ಆಮೇಲೆ ಕಚೇರಿಗೆ ಅಲೆದಾಟ. ಮಗನ ಹೆಣ ಸಿಗುವುದಿಲ್ಲ. 20 ಪೌಂಡೂ ವಾಪಸ್ ಬರುವುದಿಲ್ಲ. ಲೆರಿಸ್ ತನ್ನ ಅಪ್ಪನ ಹಳೆಯ ಸೂಟೊಂದನ್ನು ಮುದುಕನಿಗೆ ಕೊಡುತ್ತಾಳೆ, ಅವನು ಅದನ್ನು ಹಾಕಿಕೊಂಡು ಊರಿಗೆ ಹೋಗುತ್ತಾನೆ.

ಇಡೀ ಕಥೆಯಲ್ಲಿ ಒಂದು ಚುನಾವಣೆ ಇಲ್ಲ, ಒಂದು ಪಕ್ಷದ ಹೆಸರಿಲ್ಲ, ಘೋಷಣೆ ಇಲ್ಲ. ಮಗನನ್ನು ಮಣ್ಣು ಮಾಡಬೇಕು ಅನ್ನುವ ಅಪ್ಪ ಇದ್ದಾನೆ. ಪಕ್ಕದಲ್ಲೇ, ಒಬ್ಬರಿಗೊಬ್ಬರು ಅರ್ಥವಾಗದ ಗಂಡ ಹೆಂಡತಿ ಇದ್ದಾರೆ. ಲೆರಿಸ್‌ಗೆ ಪೆಟ್ರಸ್‌ನ ದುಃಖ ತಟ್ಟುತ್ತದೆ, ಗಂಡನಿಗೆ ಅದೊಂದು ಕಿರಿಕಿರಿ. ಆ ಹೆಣದ ವಿಷಯ ಮಾತಾಡುವಾಗ ಅವರಿಬ್ಬರ ಮದುವೆಯ ಒಳಗುಟ್ಟೂ ಹೊರಗೆ ಬೀಳುತ್ತದೆ. ಪತ್ರ ಬರೆದ ಓದುಗರು ಕೇಳಿದ ಗಂಡ ಹೆಂಡತಿ, ತಂದೆ ಮಗ, ಸಾವು ಎಲ್ಲವೂ ಇಲ್ಲಿದೆ. ಪರವಾನಗಿ ಎಂಬ ಒಂದು ಚೀಟಿಯನ್ನು ತೆಗೆದುಬಿಡಿ, ಕಥೆಯೇ ಉಳಿಯುವುದಿಲ್ಲ.

ಈ ಕಥೆ ಓದಿ ಮುಗಿಸಿದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು, "ಮೇಡಂ, ನಮ್ಮಜ್ಜನ್ನ ಮಣ್ಣು ಮಾಡಿದ್ದನ್ನ ನಮ್ಮಪ್ಪ ನೋಡೇ ಇಲ್ಲ. ದೂರದಿಂದ ಒಂದು ಗುಂಡಿ ತೋರ್ಸಿದ್ರಂತೆ. ಅದರಾಗೆ ಅಜ್ಜನೇ ಅದಾನೋ ಇಲ್ವೋ ಅಂತ ನಮ್ಮಜ್ಜಿ ಈಗ್ಲೂ ಕೇಳ್ತಾಳೆ" ಅಂದಳು. ಕೊರೊನಾ ಕಾಲದ ಮಾತು. 2020ರ ಜೂನ್ ಕೊನೆಯಲ್ಲಿ ನಮ್ಮ ಬಳ್ಳಾರಿಯ ಒಂದು ವಿಡಿಯೊ ದೇಶವೆಲ್ಲ ಓಡಾಡಿತು. ನಿಮ್ಮ ಓದುಗರಿಗೆ ನೆನಪಿರಬಹುದು. ಮೈತುಂಬ ಬಿಳಿ ಕವಚ ಹಾಕಿಕೊಂಡವರು ಕಪ್ಪು ಚೀಲದಲ್ಲಿ ಸುತ್ತಿದ ಶವಗಳನ್ನು ಒಂದೇ ಗುಂಡಿಗೆ ಒಂದಾದ ಮೇಲೊಂದು ಎಸೆಯುತ್ತಿದ್ದರು. ಆಮೇಲೆ ಸಂಬಂಧಪಟ್ಟವರು ಕ್ಷಮೆ ಕೇಳಿದರು, ಆ ತಂಡವನ್ನು ಬದಲಿಸಿದರು. ಸುದ್ದಿಗೆ ಅಲ್ಲಿಗೆ ಮುಗಿಯಿತು. ಆದರೆ ಆ ಅಜ್ಜಿಗೆ? ಪಿತೃಪಕ್ಷಕ್ಕೆ ಎಡೆ ಇಡುವಾಗ ಅವಳ ಮನಸ್ಸಿನಲ್ಲಿ ಏನು ನಡೆಯುತ್ತದೆ? ಇದನ್ನು ಬರೆಯುವುದು ಪತ್ರಿಕೆಯ ಕೈಲಾಗದ ಕೆಲಸ. ಅದು ಕಥೆಗಾರರ ಕೆಲಸ.

ಗಾರ್ಡಿಮರ್ ಕಾದಂಬರಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಬರ್ಗರ್ಸ್ ಡಾಟರ್'. 1979ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಜುಲೈನಲ್ಲಿ ಸ್ವಂತ ದೇಶದಲ್ಲಿ ನಿಷೇಧ, ಅಕ್ಟೋಬರ್‌ನಲ್ಲಿ ನಿಷೇಧ ತೆರವು. ರಾಬೆನ್ ದ್ವೀಪದ ಜೈಲಿನಲ್ಲಿದ್ದ ಮಂಡೇಲಾ ಅವರ ಕೈಗೂ ಒಂದು ಪ್ರತಿ ಕದ್ದುಮುಚ್ಚಿ ಸೇರಿತ್ತು. ಈ ವಿವರಗಳನ್ನೆಲ್ಲ ಮರೆತರೂ ಅದರ ಮೊದಲ ದೃಶ್ಯ ಮರೆಯುವುದಿಲ್ಲ. ಜೈಲಿನ ಬಾಗಿಲಲ್ಲಿ 14 ವರ್ಷದ ರೋಸಾ ನಿಂತಿದ್ದಾಳೆ. ಒಳಗಿರುವ ಅಮ್ಮನಿಗೆ ಕೊಡಲು ಕೌದಿಯಂಥ ದಪ್ಪ ಹೊದಿಕೆ ಮತ್ತು ಬಿಸಿನೀರಿನ ರಬ್ಬರ್ ಚೀಲ ತಂದಿದ್ದಾಳೆ. ಬಿಸಿನೀರಿನ ಚೀಲ! ಹೊಟ್ಟೆನೋವಿಗೆ ಹೆಣ್ಣುಮಕ್ಕಳೆಲ್ಲ ಬಳಸುವಂಥದ್ದು. ದೊಡ್ಡ ಹೋರಾಟಗಾರರ ಮನೆಯ ಮಗಳು, ಆದರೆ ಅವಳ ಕೈಯಲ್ಲಿರುವುದು ಬಾವುಟ ಅಲ್ಲ.

ಅವಳ ಅಪ್ಪ ಲಯನೆಲ್ ಬರ್ಗರ್ ವೈದ್ಯ, ಕಮ್ಯುನಿಸ್ಟ್. ಜೈಲಿನಲ್ಲೇ ಸಾಯುತ್ತಾನೆ. ಅದಕ್ಕೂ ಮುಂಚೆ ಒಮ್ಮೆ ಹೋರಾಟದ ಕಡೆಯವರು ರೋಸಾಳಿಗೆ ಒಂದು ಕೆಲಸ ಒಪ್ಪಿಸುತ್ತಾರೆ. ಜೈಲಿನಲ್ಲಿರುವ ಒಬ್ಬ ಯುವಕನಿಗೆ ನಿಶ್ಚಿತಾರ್ಥವಾದ ಹುಡುಗಿ ಎಂದು ಹೇಳಿಕೊಂಡು ಭೇಟಿಗೆ ಹೋಗಬೇಕು, ಪ್ರೀತಿಯ ಮಾತಿನಲ್ಲಿ ಸುತ್ತಿ ಸಂದೇಶ ಸಾಗಿಸಬೇಕು. ಹೋಗುತ್ತಾಳೆ. ಅವಳಿಗೆ ಅವನ ಮೇಲೆ ನಿಜಕ್ಕೂ ಪ್ರೀತಿ ಇದೆ. ಅದನ್ನು ಯಾರೂ ಕೇಳಲಿಲ್ಲ, ಅಪ್ಪ ಅಮ್ಮನೂ ಕೇಳಲಿಲ್ಲ. ನನಗೆ ಇಲ್ಲಿ ಗಾರ್ಡಿಮರ್ ಮೇಲೆ ಗೌರವ ಹೆಚ್ಚಾಗುತ್ತದೆ. ಆಕೆ ಯಾವ ಕಡೆಯವರು ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಮಂಡೇಲಾ ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಿಷೇಧದಲ್ಲಿದ್ದಾಗಲೇ ಅದನ್ನು ಸೇರಿದವರು, ಅದರ ನಾಯಕರನ್ನು ತಮ್ಮ ಮನೆಯಲ್ಲಿ ಅಡಗಿಸಿಟ್ಟವರು. 1964ರ ವಿಚಾರಣೆಯಲ್ಲಿ ಮಂಡೇಲಾ ಮಾಡಿದ ಭಾಷಣವನ್ನು ತಿದ್ದಲು ನೆರವಾದವರು. ಆದರೂ ತಮ್ಮ ಕಡೆಯವರು ಒಬ್ಬ ಹುಡುಗಿಯ ಹೃದಯವನ್ನು ಅಂಚೆಪೆಟ್ಟಿಗೆ ಮಾಡಿಕೊಂಡರು ಎಂದು ಬರೆಯಲು ಹಿಂಜರಿಯಲಿಲ್ಲ. ಭಾಷಣ ಬರೆಯುವವರಿಗೆ ಇದು ಬರುವುದಿಲ್ಲ.

ನಮ್ಮ ಬಳ್ಳಾರಿಯ ಅಲೀಪುರ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದರು ಎಂದು ಶಾಲೆಯಲ್ಲಿ ಓದಿದ್ದೇವೆ. ಅವರಿಗೆ ಹೊದಿಕೆ ತಂದವರು ಯಾರು? ಎಲ್ಲಿಂದ ರೈಲು ಹತ್ತಿ ಬಂದರು? ಮಗು ಕಂಕುಳಲ್ಲಿ ಇತ್ತಾ? ಗಾರ್ಡಿಮರ್ ಓದಿದ ಮೇಲೆ ನನಗೆ ಇಂಥ ಪ್ರಶ್ನೆಗಳು ಜಾಸ್ತಿಯಾಗಿವೆ.

'ಮೈ ಸನ್ಸ್ ಸ್ಟೋರಿ' 1990ರದು. ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋದ ಹುಡುಗ ಅಲ್ಲಿ ಅಪ್ಪನನ್ನು ಬಿಳಿಯ ಹೆಂಗಸೊಬ್ಬಳ ಜೊತೆ ನೋಡಿಬಿಡುತ್ತಾನೆ. ಅಪ್ಪ ಮೇಷ್ಟ್ರಾಗಿದ್ದು ಹೋರಾಟಕ್ಕೆ ಇಳಿದವನು, ಜನ ಕೈಮುಗಿಯುವ ಮನುಷ್ಯ. ಹುಡುಗ ಅಮ್ಮನ ಎದುರು ಸುಳ್ಳು ಹೇಳಬೇಕಾಗುತ್ತದೆ. ಕೊನೆಗೆ, ಏನೂ ಗೊತ್ತಿಲ್ಲದವಳಂತೆ ಮನೆ ನೋಡಿಕೊಂಡಿದ್ದ ಆ ಅಮ್ಮನೇ ಎಲ್ಲರಿಗಿಂತ ಆಳವಾಗಿ ಹೋರಾಟದಲ್ಲಿ ಇಳಿದಿರುತ್ತಾಳೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಓದುವವರ ಸುಖ ಕೆಡುತ್ತದೆ.

'ಜುಲೈಸ್ ಪೀಪಲ್' ಬಗ್ಗೆ ಮಾತ್ರ ಹೇಳಲೇಬೇಕು. 1981ರ ಕಾದಂಬರಿ. ದಕ್ಷಿಣ ಆಫ್ರಿಕಾದಲ್ಲಿ ಅಂತರ್ಯುದ್ಧ ಶುರುವಾಗಿದೆ ಎಂದು ಕಲ್ಪಿಸಿಕೊಂಡು ಬರೆದದ್ದು. ಮೋರೀನ್, ಬ್ಯಾಮ್ ಎಂಬ ಬಿಳಿಯ ದಂಪತಿ ಮಕ್ಕಳನ್ನು ಕರೆದುಕೊಂಡು ಓಡಬೇಕಾಗುತ್ತದೆ. ಅವರನ್ನು ಕಾಪಾಡುವವನು ವರ್ಷಗಟ್ಟಲೆ ಅವರ ಮನೆಯಲ್ಲಿ ಆಳಾಗಿದ್ದ ಜುಲೈ. ತನ್ನ ಹಳ್ಳಿಗೆ ಕರೆತಂದು ಗುಡಿಸಲಲ್ಲಿ ಇಡುತ್ತಾನೆ. ಅವರ ಹಳದಿ ಗಾಡಿಯ ಕೀ ಈಗ ಅವನ ಜೇಬಿನಲ್ಲಿ. ಅವನು ಗಾಡಿ ಓಡಿಸುವುದನ್ನೂ ಕಲಿಯುತ್ತಾನೆ. ಕೀ ಕೊಡು ಎಂದು ಕೇಳುವುದು ಹೇಗೆ? ಕೇಳಿದರೆ ಅವನನ್ನು ನಂಬಿಲ್ಲ ಎಂದಾಗುತ್ತದೆ. ಕೇಳದಿದ್ದರೆ ಗಾಡಿ ಅವನದೇ ಎಂದಾಗುತ್ತದೆ. ಆ ಒಂದು ಕೀಯ ಸುತ್ತ ಯಜಮಾನ, ಆಳು, ಗಂಡ, ಹೆಂಡತಿ ಎಲ್ಲರ ಸ್ಥಾನ ಅದಲುಬದಲಾಗುತ್ತದೆ. ಒಳ್ಳೆಯತನ ಅಂದುಕೊಂಡಿದ್ದು ಏನಾಗಿತ್ತು ಎಂದು ಮೋರೀನ್‌ಗೆ ಆಗ ಕಾಣುತ್ತದೆ. ಗಂಡನನ್ನು ನೋಡಿದರೆ ಗುರುತೇ ಸಿಗದ ಹಾಗಾಗುತ್ತದೆ ಅವಳಿಗೆ.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಒಂದು ಮನೆ ಕಣ್ಮುಂದೆ ಬಂತು. ಗುರುತು ಸಿಗದ ಹಾಗೆ ಹೇಳುತ್ತೇನೆ. ಆತ ಬೇರೆಯವರ ಲಾರಿ ಓಡಿಸುತ್ತಿದ್ದವನು. ಅದಿರಿನ ರೇಟು ಏರಿ, ಸಂಡೂರಿನಿಂದ ರಾತ್ರಿ ಹಗಲು ಲಾರಿಗಳು ಹರಿಯುತ್ತಿದ್ದ ಕಾಲದಲ್ಲಿ ಹೆಂಡತಿಯ ಒಡವೆ ಒತ್ತೆ ಇಟ್ಟು, ಫೈನಾನ್ಸ್ ಮಾಡಿಸಿ ಸ್ವಂತ ಟಿಪ್ಪರ್ ತಂದ. ಮನೆಯ ನಡುಮನೆಯಲ್ಲಿ ವಿರೂಪಾಕ್ಷನ ಫೋಟೊ ಕೆಳಗೆ ಒಂದು ಮೊಳೆ. ಕೀ ಅಲ್ಲಿ ನೇತಾಡುತ್ತಿತ್ತು. ಆಕೆ ಬೆಳಿಗ್ಗೆ ದೇವರಿಗೆ ಕುಂಕುಮ ಹಚ್ಚಿ ಅದೇ ಬೆರಳಲ್ಲಿ ಕೀಗೂ ಹಚ್ಚುತ್ತಿದ್ದಳು. ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಮನೆಯಲ್ಲಿ ಅವನ ಮಾತೇ ಮಾತು.

2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು. ಎರಡು ದಿನ ಬಿಟ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ ಆದೇಶ. ಆ ಆದೇಶ ಸರಿ ಎಂದೇ ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಗುಡ್ಡಗಳೇ ಕರಗಿ ಹೋಗುತ್ತಿದ್ದವು, ಲೂಟಿ ಕಣ್ಣಿಗೆ ಕಾಣುತ್ತಿತ್ತು. ಆದರೆ ಆ ಮನೆಯ ಟಿಪ್ಪರ್ ಖಾಲಿ ಸೈಟಿನಲ್ಲಿ ನಿಂತಿತು. ಕಂತು ಕಟ್ಟಲಾಗಲಿಲ್ಲ. ಫೈನಾನ್ಸ್‌ನವರು ಬಂದು ಗಾಡಿ ಎಳೆದುಕೊಂಡು ಹೋದರು. ಇನ್ನೊಂದು ಕೀ ಮಾತ್ರ ಮೊಳೆಯಲ್ಲೇ ಉಳಿಯಿತು. ಆಕೆ ಕೌಲ್ ಬಜಾರ್ ಕಡೆಯಿಂದ ಜೀನ್ಸ್ ಪ್ಯಾಂಟಿನ ಕಟ್ಟು ತಂದು ಮನೆಯಲ್ಲಿ ಕೂತು ದಾರ ಕತ್ತರಿಸಲು ಶುರು ಮಾಡಿದಳು. ಪೀಸಿಗೆ ಇಷ್ಟು ಎಂದು ದುಡ್ಡು. ಬೆರಳ ತುದಿಯೆಲ್ಲ ನೀಲಿ. ರೊಟ್ಟಿ ಬಡಿಯುವ ಮುಂಚೆ ನಿಂಬೆಹಣ್ಣಿನ ಸಿಪ್ಪೆಯಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಆತ ಬೀಡಿಗೆ ಅವಳ ಹತ್ತಿರ ದುಡ್ಡು ಕೇಳಬೇಕಾಯಿತು. ಮೊದಮೊದಲು ಕೇಳುತ್ತಿದ್ದ, ಆಮೇಲೆ ಕೇಳುವುದನ್ನೂ ಬಿಟ್ಟ, ಮಗಳ ಕೈಯಲ್ಲಿ ಹೇಳಿಸುತ್ತಿದ್ದ. ಆಡಿಕೊಂಡಿದ್ದ ಮಗಳ ಸಂಬಂಧ ಮುರಿಯಿತು. 2013ರ ಏಪ್ರಿಲ್‌ನಲ್ಲಿ ಕೆಲವು ಗಣಿಗಳಿಗೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುವ ರೀತಿಯೇ ಬೇರೆಯಾಗಿತ್ತು.

ಆ ಮನೆಯವರು ರಾಜಕೀಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ಹಾಗಂತ ಅವರ ಕಥೆಯನ್ನು ರಾಜಕೀಯ ಬಿಟ್ಟು ಬರೆಯಲು ಬರುತ್ತದಾ? ಬರೀ ದಾಂಪತ್ಯದ ಕಥೆ ಎಂದು ಬರೆದರೆ ಆತ ಸೋಮಾರಿ, ಆಕೆ ಗಟ್ಟಿಗಿತ್ತಿ ಎಂದಾಗುತ್ತದೆ. ಅದು ಇಬ್ಬರಿಗೂ ಮಾಡುವ ಅನ್ಯಾಯ. ಬರೀ ಗಣಿ ಹಗರಣದ ಕಥೆ ಎಂದು ಬರೆದರೆ ಆಕೆಯ ಬೆರಳಿನ ನೀಲಿ ಕಾಣುವುದಿಲ್ಲ.

1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಿಂದ ನಿಂತಾಗ ದೇಶದ ಕ್ಯಾಮೆರಾಗಳೆಲ್ಲ ಇಲ್ಲಿಗೆ ಬಂದವು. ಗಣಿ ಗಲಾಟೆಯಾದಾಗ ಮತ್ತೆ ಬಂದವು. ಕೆಂಪು ಧೂಳು, ಕೆಂಪು ಗುಡ್ಡ, ಹೆಲಿಕಾಪ್ಟರ್ ತೋರಿಸಿ ಹೋದವು. ಬಳ್ಳಾರಿ ಎಂದರೆ ರಾಜಕೀಯ ಎಂದು ಹೊರಗಿನವರು ನಮಗೆ ಹಣೆಪಟ್ಟಿ ಅಂಟಿಸಿದ್ದಾರೆ. ಮನೆಯೊಳಗೆ ಬಂದು ನೋಡಿದವರು ಕಡಿಮೆ.

ಇನ್ನೂ ಹಿಂದೆ ಹೋಗಿ. ನನ್ನ ತಾಯಿಯ ತವರು ಆದೋನಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಮ್ಮನಿಗೆ ತವರು ಬೇರೆ ರಾಜ್ಯವಾಯಿತು. ಅವರ ಅಣ್ಣನ ಮಕ್ಕಳು ತೆಲುಗು ಶಾಲೆಗೆ ಹೋದರು, ನಾವು ಕನ್ನಡ ಶಾಲೆಗೆ. ನಾವು ಸೇರಿದಾಗ ಮನೆಯಲ್ಲಿ ಎರಡೂ ಭಾಷೆ ಬೆರೆಸಿ ಮಾತಾಡುತ್ತಿದ್ದೆವು. ಆದರೆ ಪತ್ರ ಬರೆಯುವ ಹೊತ್ತಿಗೆ ಸೋದರತ್ತೆ ಕನ್ನಡ ಓದುವವರನ್ನು ಹುಡುಕಬೇಕಾಗುತ್ತಿತ್ತು. ಬರಬರುತ್ತಾ ಪತ್ರಗಳು ನಿಂತವು. ಆಮೇಲೆ ಕೊಡುವುದು ತರುವುದೂ ಕಡಿಮೆಯಾಯಿತು. ಯಾರೂ ಜಗಳ ಮಾಡಿಕೊಂಡಿರಲಿಲ್ಲ.

ಅದೇ ಸಂದರ್ಭದಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಸಂಭ್ರಮದ ಪೆಂಡಾಲ್ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ರಾಜ್ಯೋತ್ಸವ ಬಂದಾಗ ಇಲ್ಲಿ ಅವರ ಹೆಸರು ಹೇಳುತ್ತೇವೆ, ಹೇಳಲೇಬೇಕು. ಅವರ ಮನೆಯವರಿಗೆ ಆ ರಾತ್ರಿ ಯಾರು ಸುದ್ದಿ ತಂದರು, ಆ ಮನೆಯಲ್ಲಿ ಮುಂದೆ ಬಂದ ರಾಜ್ಯೋತ್ಸವಗಳು ಹೇಗಿದ್ದವು ಎಂದು ಕೇಳುವ ಕಾದಂಬರಿಯನ್ನು ನಾನು ಓದಬೇಕು ಅಂತ ಆಸೆ.

ಗಾರ್ಡಿಮರ್ ಎಲ್ಲರಿಗೂ ಸುಲಭವಾಗಿ ದಕ್ಕುವವರಲ್ಲ, ಇದನ್ನು ಮುಚ್ಚಿಡುವುದಿಲ್ಲ. ವಾಕ್ಯಗಳು ಸುತ್ತಿ ಸುತ್ತಿ ಹೋಗುತ್ತವೆ. ಯಾರು ಮಾತಾಡುತ್ತಿದ್ದಾರೆ ಎಂದು ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಗುತ್ತದೆ. ಕೆಲವೊಮ್ಮೆ ಪಾತ್ರಗಳನ್ನು ತಣ್ಣಗೆ, ದೂರದಿಂದ ನೋಡುತ್ತಾರೆ. ನಮ್ಮ ಹುಡುಗಿಯರಲ್ಲಿ ಒಬ್ಬಳು, "ಇವರಿಗೆ ಅಳೋದು ಗೊತ್ತಿಲ್ವಾ ಮೇಡಂ?" ಎಂದು ಕೇಳಿದಳು. ಬಿಳಿಯ ಲೇಖಕಿ ಕಪ್ಪು ಜನರ ಒಳಮನಸ್ಸು ಬರೆಯಬಹುದೇ ಎಂಬ ಪ್ರಶ್ನೆಯೂ ಇದೆ. 2001ರಲ್ಲಿ ಅಲ್ಲಿನ ಗೌಟೆಂಗ್ ಪ್ರಾಂತ್ಯದಲ್ಲಿ 'ಜುಲೈಸ್ ಪೀಪಲ್' ಜನಾಂಗೀಯ ದೃಷ್ಟಿಯ ಕೃತಿ ಎಂದು ಶಾಲಾ ಪಟ್ಟಿಯಿಂದ ತೆಗೆಯಲು ಹೊರಟಿದ್ದರು, ವಿರೋಧ ಬಂದ ಮೇಲೆ ಕೈಬಿಟ್ಟರು. ಒಂದು ಸರ್ಕಾರ ಆಕೆಯ ಪುಸ್ತಕಗಳನ್ನು ನಿಷೇಧಿಸಿತ್ತು, ಆಕೆ ಯಾರ ಪರ ನಿಂತರೋ ಅವರ ಕಾಲದಲ್ಲೂ ಶಾಲೆಯ ಬಾಗಿಲಲ್ಲಿ ತಡೆದರು. ನನ್ನ ಮಟ್ಟಿಗೆ ಹೇಳುವುದಾದರೆ, ಜುಲೈಗಿಂತ ಮೋರೀನ್ ನನಗೆ ಚೆನ್ನಾಗಿ ಕಾಣುತ್ತಾಳೆ. ಲೇಖಕಿಗೆ ಗೊತ್ತಿದ್ದದ್ದು ಆ ಮನೆಯ ಒಳಗು. ಆಳಿನ ಮನೆಯ ಒಳಗನ್ನು ಆಳಿನ ಮನೆಯವರೇ ಬರೆಯಬೇಕು. ನಮ್ಮಲ್ಲಿ ಆ ಬರವಣಿಗೆ ಶುರುವಾಗಿ ಬಹಳ ಕಾಲವಾಯಿತು, ಅದು ನಮ್ಮ ಭಾಗ್ಯ.

ಅದಕ್ಕೇ ನನ್ನ ಆಸೆ ದೊಡ್ಡ ಲೇಖಕರ ಮೇಲೆ ಇಲ್ಲ. ಸಂಡೂರು, ತೋರಣಗಲ್ಲು, ಸಿರುಗುಪ್ಪ, ಕುರುಗೋಡು ಕಡೆಯ ಹುಡುಗ ಹುಡುಗಿಯರ ಮೇಲಿದೆ. ನಮ್ಮ ಭಾಗದವರಿಗೆ ಕೆಲಸದಲ್ಲಿ ಮೀಸಲಾತಿ ಕೊಡುವ 371ಜೆ ಸರ್ಟಿಫಿಕೇಟಿಗೆ ಅಪ್ಪನ ಜೊತೆ ಕಚೇರಿ ಸುತ್ತಿದವರು ಅವರು. ಆ ಒಂದು ಕಾಗದ ಒಂದೇ ಮನೆಯಲ್ಲಿ ಅಕ್ಕನಿಗೆ ಕೆಲಸ ಕೊಡಿಸಿತು, ಬೇರೆ ಜಿಲ್ಲೆಯಿಂದ ಬಂದ ಭಾವನಿಗೆ ಕೊಡಿಸಲಿಲ್ಲ ಎನ್ನುವುದನ್ನು ಊಟಕ್ಕೆ ಕೂತಾಗ ನೋಡಿದವರು. ಇದನ್ನೆಲ್ಲ ಬರೆದರೆ ಕಥೆ ಕೆಡುತ್ತದೆ, ರಾಜಕೀಯ ಆಗುತ್ತದೆ ಎಂದು ಅವರನ್ನು ಹೆದರಿಸಬೇಡಿ ಎಂದು ಪತ್ರ ಬರೆದ ಓದುಗರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ಪುರವಣಿಯವರಲ್ಲೂ ಒಂದು ಕೋರಿಕೆ. ಈ ಕಡೆಯಿಂದ ಬರುವ ಕಥೆಗಳಲ್ಲಿ ಗಣಿ, ಕೋರ್ಟು, ಕಾರ್ಡು, ಕಚೇರಿ ಬಂದ ಕೂಡಲೇ ಅದನ್ನು ವರದಿಯ ಕಡೆಗೆ ತಳ್ಳಬೇಡಿ. ಕಥೆಯ ಪುಟದಲ್ಲೇ ಹಾಕಿ.

ಕೊನೆಯದಾಗಿ ಒಂದು ಕೆಲಸದ ಮಾತು. ನಾವು ಭಾನುವಾರದ ಗುಂಪಿನವರು 'ಸಿಕ್ಸ್ ಫೀಟ್ ಆಫ್ ದಿ ಕಂಟ್ರಿ' ಕಥೆಯನ್ನು ಕನ್ನಡಕ್ಕೆ ತಂದಿದ್ದೇವೆ. ಮುದುಕ ಅಪ್ಪನ ಮಾತನ್ನು ಸಿರುಗುಪ್ಪದ ಹುಡುಗಿ ಅನುವಾದಿಸಿದ್ದಾಳೆ. ಗಾರ್ಡಿಮರ್ 2014ರ ಜುಲೈನಲ್ಲಿ ತೀರಿಕೊಂಡರು, ಹಕ್ಕುಗಳು ಅವರ ವಾರಸುದಾರರದ್ದು. ಅನುಮತಿ ಇಲ್ಲದೆ ಅಚ್ಚು ಮಾಡುವುದು ತಪ್ಪು. ಹೊರದೇಶದ ಲೇಖಕರ ಕಥೆಗೆ ಅನುಮತಿ ತರಿಸಿ ಪ್ರಕಟಿಸಿದ ಅನುಭವ ಇರುವ ಅನುವಾದಕರು, ಪ್ರಕಾಶಕರು ನಿಮ್ಮ ಓದುಗರಲ್ಲಿ ಖಂಡಿತ ಇದ್ದಾರೆ. ಯಾರಿಗೆ ಬರೆಯಬೇಕು, ಎಷ್ಟು ಖರ್ಚಾಗಬಹುದು ಎಂದು ಇದೇ ಅಂಕಣದ ಮೂಲಕ ತಿಳಿಸಿದರೆ ಉಪಕಾರವಾಗುತ್ತದೆ. ಖರ್ಚನ್ನು ನಾವೇ ಕೂಡಿಸಿ ಹಾಕುತ್ತೇವೆ.

ಇಂತಿ ನಿಮ್ಮ ಓದುಗರು,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ,
ಗಾಂಧಿನಗರ, ಬಳ್ಳಾರಿ